ಸಾಸಿವೆ ಡಬ್ಬಿಯಿಂದ ಮೊಬೈಲ್ ಕವರಿಗೆ: ನಮ್ಮ ಮನೆ ಲೆಕ್ಕ

2024ರ ಫೆಬ್ರವರಿಯ ಕೊನೆಯ ಭಾನುವಾರ. ನೆಂಟರ ಮನೆ ಆರತಕ್ಷತೆಗೆ ಹೊರಟು ನಿಂತಿದ್ದೆವು. ಒಂದು ರೂಪಾಯಿ ನಾಣ್ಯ ಅಂಟಿಸಿರ್ತಾರಲ್ಲ, ಆ ಮುಯ್ಯಿ ಕವರ್ ಕೈಯಲ್ಲಿತ್ತು. ಒಳಗೆ ಹಾಕೋಕೆ 500 ರೂಪಾಯಿ ಇರಲಿಲ್ಲ. ಪರ್ಸಿನಲ್ಲಿ ಮಾತ್ರ ಅಲ್ಲ, ನನ್ನ ಖಾತೆಯಲ್ಲೇ ಇದ್ದದ್ದು 340 ರೂಪಾಯಿ. ಇವರ ಖಾತೆ ಇನ್ನೂ ಕಡೆ. ಕೊನೆಗೆ ನಮ್ಮತ್ತೆ ಏನೂ ಮಾತಾಡದೆ ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯಿಂದ ನಾಲ್ಕು ಮಡಿಕೆ ಮಾಡಿದ ನೋಟು ತಂದು ಕೊಟ್ಟರು. ಬಿಡಿಸಿದಾಗ ಎರಡು ಸಾಸಿವೆ ಕಾಳು ನನ್ನ ರೇಷ್ಮೆ ಸೀರೆ ಮೇಲೆ ಬಿದ್ದವು.

ನಾಚಿಕೆಯಾಗಿದ್ದು ಯಾಕೆ ಅಂದರೆ, ನಾನು ಅಕೌಂಟೆಂಟ್. ಬೆಳಗಿನಿಂದ ಸಂಜೆತನಕ ಟ್ಯಾಲಿ ಮುಂದೆ ಕೂತು ಬೇರೆಯವರ ಪೈಸೆ ಪೈಸೆಗೂ ಲೆಕ್ಕ ಇಡುವವಳು. ನನ್ನ ಸಂಬಳ 34 ಸಾವಿರ. ಇವರದು ವೈರಿಂಗ್ ಕಾಂಟ್ರ್ಯಾಕ್ಟ್ ಕೆಲಸ, ಒಂದು ತಿಂಗಳು 15 ಸಾವಿರ ಬಂದರೆ ಇನ್ನೊಂದು ತಿಂಗಳು 40. ಮೈಸೂರಿನಲ್ಲಿ ಸ್ವಂತ ಮನೆ, ಬಾಡಿಗೆ ಇಲ್ಲ. ಆದರೂ 20ನೇ ತಾರೀಖು ದಾಟಿದರೆ ಪರದಾಟ.

ಆ ರಾತ್ರಿ ಫೋನಿನ ಯುಪಿಐ ಪಟ್ಟಿ ತೆಗೆದು ಎಣಿಸಿದೆ. ಒಂದೇ ತಿಂಗಳಲ್ಲಿ 131 ಸಲ ಸ್ಕ್ಯಾನ್ ಮಾಡಿದ್ದೆ. ದೊಡ್ಡ ಖರ್ಚು ಒಂದೂ ಇಲ್ಲ. 20, 45, 110, 60. ಯಾವುದಕ್ಕೆ ಅಂತ ಅರ್ಧದಷ್ಟಕ್ಕೆ ನೆನಪೇ ಇಲ್ಲ.

ಮಾರನೇ ದಿನ ಅತ್ತೆಯನ್ನು ಕೇಳಿದೆ, ಆಗೆಲ್ಲ ಹೇಗೆ ನಿಭಾಯಿಸ್ತಿದ್ರಿ ಅಂತ. ಮಾವ ಮಿಲ್ಲಿನಲ್ಲಿದ್ದರು. ಸಂಬಳದ ದಿನ ನೋಟು ತಂದು ದೇವರ ಮುಂದೆ ಇಡ್ತಿದ್ದರಂತೆ. ಅತ್ತೆ ಅದನ್ನು ಐದು ಡಬ್ಬಿಗೆ ಹಂಚೋರು: ದಿನಸಿ, ಹಾಲು, ಸ್ಕೂಲು, ಹಬ್ಬ, ಆಸ್ಪತ್ರೆ. "ಹಬ್ಬದ ಡಬ್ಬಿಯಿಂದ ಹಾಲಿಗೆ ತೆಗೆದ್ರೆ ಒಂದು ಚೀಟಿ ಬರೆದು ಒಳಗೆ ಹಾಕ್ತಿದ್ದೆ ಕಣಮ್ಮ. ಇಲ್ದಿದ್ರೆ ಗೌರಿ ಹಬ್ಬದ ದಿನ ಡಬ್ಬಿ ತೆಗೆದು ಅಳ್ಬೇಕಾಗ್ತಿತ್ತು" ಅಂದರು.

ನಮ್ಮ ರೋಗ ಏನು ಅಂತ ಆಗ ಗೊತ್ತಾಯ್ತು. ಫೋನಿನಲ್ಲಿ ಐದೂ ಡಬ್ಬಿ ಸುರಿದು ಒಂದೇ ಕೊಳಗ ಮಾಡಿಬಿಟ್ಟಿದ್ದೆವು. ಖಾತೆಯಲ್ಲಿ 18 ಸಾವಿರ ಕಂಡರೆ ಎಲ್ಲವೂ ಹೋಟೆಲಿಗೆ, ಬಟ್ಟೆಗೆ ಸಿಗೋ ದುಡ್ಡು ಅನ್ನಿಸ್ತಿತ್ತು. ಅದರಲ್ಲಿ ಜೂನ್ ತಿಂಗಳ ಸ್ಕೂಲ್ ಫೀಸೂ ಇದೆ ಅಂತ ಕಣ್ಣಿಗೆ ಕಾಣೋದಿಲ್ಲವಲ್ಲ.

ಮೊದಲು ಹಾಕಿಕೊಂಡ ಒಂದು ಆ್ಯಪ್ ಎಸ್ಸೆಮ್ಮೆಸ್ ಓದಿ ತಾನೇ ಲೆಕ್ಕ ಬರೀತೀನಿ ಅಂತು. ನಮ್ಮ ಕಡೆ ಅದು ನಡೆಯೋದು ಕಷ್ಟ. ಸೊಪ್ಪಿನವರು, ಹೂವಿನವರು, ಇಸ್ತ್ರಿಯವರು ಎಲ್ಲರ ಯುಪಿಐನಲ್ಲೂ ಇರೋದು ಅವರವರ ಹೆಸರು. ಸೊಪ್ಪು ಯಾವುದು, ಇಸ್ತ್ರಿ ಯಾವುದು ಅಂತ ಆ್ಯಪಿಗೆ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ 'ಇತರೆ' ಅಂತ ಒಂದೇ ಗುಡ್ಡೆ ಹಾಕಿತು. ತೆಗೆದುಹಾಕಿದೆ.

ಆಮೇಲೆ ಗುಡ್‌ಬಜೆಟ್ ಅನ್ನೋ ಇನ್ನೊಂದು ಆ್ಯಪ್ ಹಾಕಿಕೊಂಡೆ. ಅದರ ಲೆಕ್ಕಾಚಾರ ಅತ್ತೆಯ ಡಬ್ಬಿಗಳದ್ದೇ, ಡಬ್ಬಿಯ ಬದಲು ಕವರ್ ಅಷ್ಟೇ. ತಿಂಗಳ ಮೊದಲಿಗೆ ಬಂದ ದುಡ್ಡನ್ನು ಕವರ್‌ಗಳಿಗೆ ಹಂಚಬೇಕು, ಖರ್ಚಾದಾಗ ಆಯಾ ಕವರಿನಿಂದ ಕಳೆಯಬೇಕು. ದುಡ್ಡು ನಿಜವಾಗಿ ಎಲ್ಲೂ ಹೋಗೋದಿಲ್ಲ, ಬ್ಯಾಂಕಿನಲ್ಲೇ ಇರುತ್ತೆ. ದುಡ್ಡು ಕೊಡದೇ ಬಳಸಿದರೆ 20 ಕವರ್, ಎರಡು ಫೋನ್. ನಮಗೆ ಧಾರಾಳವಾಯ್ತು. ನಾವು ನಮ್ಮ ಬ್ಯಾಂಕನ್ನು ಅದಕ್ಕೆ ಜೋಡಿಸಿಲ್ಲ, ಪ್ರತಿ ಖರ್ಚನ್ನೂ ಕೈಯಾರೆ ಬರೀತೀವಿ. ಅದು ತೊಂದರೆ ಅಂತ ಸುಮಾರು ಜನ ಹೇಳ್ತಾರೆ. ನನ್ನ ಪ್ರಕಾರ ಲಾಭ ಇರೋದೇ ಅಲ್ಲಿ. 45 ರೂಪಾಯಿ ಪಫ್ಸ್ ತಿಂದು ಅದನ್ನು ಬರೆಯುವಾಗ ಆಗುವ ಸಣ್ಣ ಮುಜುಗರ ಇದೆಯಲ್ಲ, ಆ ಮುಜುಗರವೇ ಬೇಕಾಗಿದ್ದು.

ಮೊದಲ ತಿಂಗಳು ಪೂರ್ತಿ ಕೆಟ್ಟಿತು. ಅಕೌಂಟೆಂಟ್ ಬುದ್ಧಿ ನೋಡಿ, 20 ಕವರನ್ನೂ ತುಂಬಿಸಿದೆ. ಸೋಪಿಗೊಂದು, ತರಕಾರಿಗೊಂದು, ಹಣ್ಣಿಗೊಂದು, ಹೂವಿಗೊಂದು. ಅಂಗಡಿ ಮುಂದೆ ನಿಂತು ಒಂದೇ ಬಿಲ್ಲನ್ನು ನಾಲ್ಕು ಭಾಗ ಮಾಡೋಕೆ ಹೋಗಿ ಹತ್ತನೇ ದಿನಕ್ಕೆ ಸಾಕಾಯ್ತು. ಏಪ್ರಿಲಿನಲ್ಲಿ 13ಕ್ಕೆ ಇಳಿಸಿದೆ. ಸೋಪು, ತರಕಾರಿ, ಹಣ್ಣು, ಹೂವು ಎಲ್ಲ ದಿನಸಿಯಲ್ಲೇ ಹೋಯ್ತು.

ಇನ್ನೊಂದು ಎಡವಟ್ಟು ಸಂತೇಪೇಟೆಯಲ್ಲಿ ಆಯ್ತು. ತಿಂಗಳ ಸಾಮಾನು ಕಟ್ಟಿಸಿ 1,340 ಕೊಟ್ಟೆವು. ಅಂಗಡಿಯವರು ಬೇಳೆ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದಾಗಲೇ ನಾನು ಬರೆದೆ. ಸ್ಕೂಟರ್ ಹತ್ತಿರ ನಿಂತಿದ್ದ ಇವರೂ ಬರೆದರು. ಸಂಜೆ ನೋಡಿದರೆ ದಿನಸಿ ಕವರ್ ಕೆಂಪಗಾಗಿದೆ, ಅಂದರೆ ಇದ್ದದ್ದಕ್ಕಿಂತ ಹೆಚ್ಚು ಖರ್ಚು! ಜಗಳವೂ ಆಯ್ತು, ನೀವೇನು ತಗೊಂಡ್ರಿ, ನೀನೇನು ತಗೊಂಡೆ ಅಂತ. ಅವತ್ತಿನಿಂದ ಒಂದೇ ನಿಯಮ: ಯಾರ ಫೋನಿನಿಂದ ದುಡ್ಡು ಹೋಯ್ತೋ ಅವರೇ ಬರೀಬೇಕು, ಅಲ್ಲೇ ನಿಂತು ಬರೀಬೇಕು. ರಾತ್ರಿ ಬರೀತೀನಿ ಅಂದ್ರೆ ಆಗೋದಿಲ್ಲ.

ಅತ್ತೆಗೆ ಸೋಮವಾರ ಸೋಮವಾರ 300 ರೂಪಾಯಿ ನಗದು ಕೊಡ್ತೀನಿ, ಗಾಡಿ ತರಕಾರಿಗೆ. ಅದನ್ನು ಒಂದೇ ಸಾಲಿನಲ್ಲಿ ಖರ್ಚು ಅಂತ ಬರೆದು ಸುಮ್ನಾಗ್ತೀನಿ. ಅವರ ಹತ್ತಿರ ಚಿಲ್ಲರೆ ಲೆಕ್ಕ ಕೇಳೋ ಧೈರ್ಯ ನನಗಿಲ್ಲ.

ನಿಜವಾಗಿ ನಮ್ಮನ್ನು ಉಳಿಸಿದ್ದು ವರ್ಷದ ಕವರ್‌ಗಳು. ತಿಂಗಳ ಖರ್ಚು ಹೇಗೋ ಅಂದಾಜಿಗೆ ಸಿಗುತ್ತೆ. ಬಡಿಯೋದು ವರ್ಷಕ್ಕೊಮ್ಮೆ ಬರುವವು. ಮಗಳ ಫೀಸು 48,000, ಅಂದರೆ ತಿಂಗಳಿಗೆ 4,000. ವಿಮೆ ಕಂತು 12,000, ತಿಂಗಳಿಗೆ 1,000. ಗೌರಿ-ಗಣೇಶ, ದಸರಾ ಬೊಂಬೆ, ದೀಪಾವಳಿ ಸೇರಿ ತಿಂಗಳಿಗೆ 1,000. ಮನೆ ಕಂದಾಯ 4,200, ತಿಂಗಳಿಗೆ 350. ಕಂದಾಯವನ್ನು ಏಪ್ರಿಲಿನಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ ಅಂತ ನಮಗೆ ಮೊದಲೇ ಗೊತ್ತಿತ್ತು. ಆದರೆ ಏಪ್ರಿಲಿನಲ್ಲಿ ದುಡ್ಡು ಇದ್ದದ್ದು ಯಾವಾಗ? 2025ರಲ್ಲಿ ಮೊದಲ ಸಲ ಏಪ್ರಿಲ್ ಮೊದಲ ವಾರವೇ ಕಟ್ಟಿದೆವು. ಉಳಿದದ್ದು 210 ರೂಪಾಯಿ. ಆ ರಸೀದಿಯನ್ನು ಇವರು ನಾಲ್ಕು ಜನಕ್ಕೆ ತೋರಿಸಿದರು.

ಮುಯ್ಯಿಗೂ ಒಂದು ಕವರ್ ಇದೆ, ತಿಂಗಳಿಗೆ 500. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಆಗ ತಾನಾಗೇ ಸೇರುತ್ತೆ. ವೈಶಾಖದಲ್ಲಿ ತಳ ಕಾಣುತ್ತೆ.

ಕರೆಂಟಿಗೂ ಕವರ್ ಯಾಕೆ, ಗೃಹಜ್ಯೋತಿ ಇದೆಯಲ್ಲ ಅಂತ ಇವರು ಕೇಳಿದರು. ಮಾಮೂಲಿ ತಿಂಗಳಲ್ಲಿ ಬಿಲ್ ಸೊನ್ನೆ, ನಿಜ. ಬೇಸಿಗೆಯಲ್ಲಿ ಕೂಲರ್ ಹಾಕಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ ತಿಂಗಳಿಗೆ 200 ಹಾಕ್ತೀನಿ.

ಇವರ ದುಡ್ಡಿನ ವಿಷಯ ಮಾತ್ರ ತುಂಬ ದಿನ ಬಗೆಹರಿಯಲಿಲ್ಲ. "ಸೋಮವಾರ ಪಾರ್ಟಿ 20 ಸಾವಿರ ಕೊಡ್ತಾರೆ, ಅದನ್ನೂ ಹಂಚಿಬಿಡು" ಅನ್ನೋರು. ಹಂಚಿದೆ. ಸೋಮವಾರ ಬಂತು, ಪಾರ್ಟಿ ಬರಲಿಲ್ಲ. ಕವರ್‌ಗಳಲ್ಲಿ ದುಡ್ಡಿದೆ, ಬ್ಯಾಂಕಿನಲ್ಲಿಲ್ಲ! ಆಮೇಲೆ ಗಟ್ಟಿಯಾಗಿ ಹೇಳಿದೆ: ಕೈಗೆ ಬಂದ ದುಡ್ಡಿಗೆ ಮಾತ್ರ ಕವರ್, ಬರಬೇಕಾದ್ದಕ್ಕೆ ಇಲ್ಲ. ಮನೆ ನಡೆಯೋದು ನನ್ನ ಸಂಬಳದ ಮೇಲೆ, ಇವರು ಈ ತಿಂಗಳು ತಂದದ್ದು ಮುಂದಿನ ತಿಂಗಳ ಕವರ್‌ಗಳಿಗೆ. ಹೀಗೆ ಒಂದು ತಿಂಗಳು ಮುಂದೆ ಹೋಗೋಕೆ ನಮಗೆ ಏಳು ತಿಂಗಳು ಹಿಡಿಯಿತು.

ಕವರ್‌ಗಳು ಬಂದ ಮೇಲೆ ಬೆಲೆ ಏರಿದ್ದು ಬೇರೆ ಥರ ಕಾಣುತ್ತೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯ್ತು. ಅದೇ ತಿಂಗಳು ಗ್ಯಾಸ್ ಸಿಲಿಂಡರಿಗೆ 50 ಏರಿತು. ಮೊದಲಾಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡ್ತಿದ್ದೆವು. ಈ ಸಲ 28ನೇ ತಾರೀಖಿಗೇ ಹಾಲಿನ ಕವರ್ ಖಾಲಿ. ದಿನಕ್ಕೆ ಎರಡು ಲೀಟರ್, ಅಂದರೆ ತಿಂಗಳಿಗೆ 240 ಜಾಸ್ತಿ. ಸಿಲಿಂಡರ್ ನಮಗೆ 50 ದಿನ ಬರುತ್ತೆ, ಅದರದ್ದು ತಿಂಗಳಿಗೆ 30. ಒಟ್ಟು 270 ಎಲ್ಲಿಂದ ತರೋದು? ಹೋಟೆಲ್ ಕವರಿನಿಂದ ತೆಗೆದೆ. ಅತ್ತೆ ಚೀಟಿ ಹಾಕಿಡ್ತಿದ್ದ ಹಾಗೆ, ಯಾವ ಕವರಿನಿಂದ ಯಾವ ಕವರಿಗೆ ಹೋಯ್ತು ಅಂತ ಆ್ಯಪಿನಲ್ಲೂ ಒಂದು ಸಾಲು ಉಳಿಯುತ್ತೆ.

ಆಮೇಲೊಂದು ಭಾನುವಾರ ಇವರು ಮಸಾಲೆ ದೋಸೆ ತಿನ್ನೋಣ ಅಂದರು.

"ರೀ, ಹೋಟೆಲ್ ಕವರಿನಲ್ಲಿ 130 ಇದೆ. ನಾವು ನಾಲ್ಕು ಜನ."

"ನನ್ನ ಕವರಿಂದ ತೆಗಿ ಬಿಡು."

ನಮ್ಮಿಬ್ಬರಿಗೂ ತಿಂಗಳಿಗೆ 1,000ದ ಸ್ವಂತ ಕವರ್ ಇದೆ. ಅದರಲ್ಲಿ ಏನು ಮಾಡಿದೆ ಅಂತ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಇದು ಇಲ್ಲದಿದ್ದರೆ ಇವರು ಎರಡನೇ ತಿಂಗಳಿಗೇ ಆ್ಯಪ್ ಕಿತ್ತುಹಾಕ್ತಿದ್ದರು, ಗ್ಯಾರಂಟಿ.

ಹೋದ ದೀಪಾವಳಿಯಲ್ಲಿ ಅತ್ತೆ ಪಕ್ಕ ಕೂತು ನನ್ನ ಫೋನು ನೋಡ್ತಾ, "ನಂಗೂ ಒಂದು ಕವರ್ ಹಾಕ್ಕೊಡಮ್ಮ" ಅಂದರು. ಖುಷಿಯಿಂದ ಹೆಸರು ಬರೆಯೋಕೆ ಶುರು ಮಾಡಿದೆ.

"ಅದ್ರಲ್ಲಿ ಎಷ್ಟಿದೆ ಅಂತ ನಿಮಗೆ ಕಾಣಲ್ಲ ತಾನೆ?"

"ಕಾಣುತ್ತೆ ಅತ್ತೆ. ನನಗೂ ಕಾಣುತ್ತೆ, ಅವರಿಗೂ ಕಾಣುತ್ತೆ."

"ಹಾಗಾದ್ರೆ ಬೇಡ ಬಿಡು" ಅಂದು ಎದ್ದು ಅಡುಗೆಮನೆಗೆ ಹೋದರು. ಡಬ್ಬಿ ಮುಚ್ಚಳ ಟಕ್ ಅಂದ ಸದ್ದು ನಡುಮನೆಯವರೆಗೂ ಕೇಳಿಸಿತು.