ಇಸ್ಪೀಟು ಕಟ್ಟು ಹರಿಯಬೇಕೇ? ಮೊದಲು ಜಾರದಂತೆ ಹಿಡಿಯಿರಿ

ಇಸ್ಪೀಟಿನ ಇಡೀ ಕಟ್ಟನ್ನು ಬರಿಗೈಯಲ್ಲಿ ಎರಡು ಹೋಳು ಮಾಡಲು ಹೊರಟವರು ಹೆಚ್ಚಾಗಿ ಸೋಲುವುದು ಒಂದೇ ಜಾಗದಲ್ಲಿ. ಕಟ್ಟಿನ ಎರಡೂ ತುದಿ ಹಿಡಿದು, ಹಲ್ಲು ಕಚ್ಚಿ, ಬಗ್ಗಿಸಲು ಶುರು ಮಾಡುತ್ತಾರೆ. ಎಲೆಗಳು ಬಾಗುತ್ತವೆ, ಒಂದರ ಮೇಲೊಂದು ಜಾರುತ್ತವೆ, ಅಂಗೈ ಚರ್ಮ ಕಿತ್ತು ಬರುತ್ತದೆ. ಕಟ್ಟು ಮಾತ್ರ ಹಾಗೇ ಇರುತ್ತದೆ. ಗರಡಿಯಲ್ಲಿ ಗದೆ ತಿರುಗಿಸಿ ಮಣಿಕಟ್ಟು ಗಟ್ಟಿ ಮಾಡಿಕೊಂಡ ಹುಡುಗರೂ, ಜಿಮ್‌ನಲ್ಲಿ ಭಾರೀ ಡೆಡ್‌ಲಿಫ್ಟ್ ಎತ್ತುವವರೂ ಹೀಗೆ ಕೈಚೆಲ್ಲಿದ್ದನ್ನು ನೋಡಿದ್ದೇನೆ. ಅವರಲ್ಲಿ ಶಕ್ತಿಗೆ ಕೊರತೆ ಇರಲಿಲ್ಲ. ಎಲೆ ಜಾರದಂತೆ ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಇದು ಹಳೆಯ ವಿದ್ಯೆ. ಹತ್ತೊಂಬತ್ತನೇ ಶತಮಾನದ ಕೊನೆಗೆ, ಹೆಸರಾಂತ ಬಲಶಾಲಿ ಯೂಜೆನ್ ಸ್ಯಾಂಡೋ ಲಂಡನ್ನಿನಲ್ಲಿ ಹೆಸರು ಮಾಡುತ್ತಿದ್ದ ಕಾಲದಲ್ಲಿ, ಅಲ್ಲಿನ ಮ್ಯೂಸಿಕ್ ಹಾಲ್‌ಗಳಲ್ಲಿ ಮತ್ತು ಅಮೆರಿಕದ ವೇದಿಕೆಗಳಲ್ಲಿ ಬಲಪ್ರದರ್ಶನ ಮಾಡುವವರು ಸರಪಳಿ ಕಡಿಯುವುದು, ಕುದುರೆ ಲಾಳ ಬಗ್ಗಿಸುವುದರ ಜೊತೆಗೆ ಇದನ್ನೂ ಮಾಡಿ ತೋರಿಸುತ್ತಿದ್ದರು. ಮುಂದೆ ಟೆಲಿಫೋನ್ ಡೈರೆಕ್ಟರಿ ಹರಿಯುವುದೂ ಸೇರಿಕೊಂಡಿತು. ಈಗ ಡೈರೆಕ್ಟರಿ ಹುಡುಕಿದರೂ ಸಿಗುವುದಿಲ್ಲ. ಇಸ್ಪೀಟು ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತದೆ.

ಎಲೆ ಯಾವುದು?

ಮೊದಲು ಕಾಗದದ ಎಲೆ ತನ್ನಿ. ಡಬ್ಬಿಯ ಮೇಲೆ ‘100% ಪ್ಲಾಸ್ಟಿಕ್’ ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ಎಳೆದಷ್ಟೂ ಹಿಗ್ಗುತ್ತದೆಯೇ ಹೊರತು ಹರಿಯುವುದಿಲ್ಲ. ಆನ್‌ಲೈನ್‌ನಲ್ಲಿ ಉಡುಗೊರೆಗೆಂದು ಮಾರುವ ಚಿನ್ನದ ಬಣ್ಣದ ಹೊಳೆಯುವ ಕಟ್ಟುಗಳೂ ಪ್ಲಾಸ್ಟಿಕ್ಕೇ. ಅವುಗಳ ಮೇಲೆ ಬಲ ಹಾಕಿ ಹೆಬ್ಬೆರಳ ಕೀಲು ಕೆಡಿಸಿಕೊಳ್ಳಬೇಡಿ. ‘ಪ್ಲಾಸ್ಟಿಕ್ ಕೋಟೆಡ್’ ಎಂದಿರುವುದು ಬೇರೆ. ಅದು ಕಾಗದದ್ದೇ, ಮೇಲೊಂದು ತೆಳುವಾದ ಲೇಪ ಇರುತ್ತದೆ. ಅನುಮಾನ ಬಂದರೆ ಜೋಕರನ್ನು ಹರಿದು ನೋಡಿ. ಹರಿದ ಅಂಚಿನಲ್ಲಿ ನಾರು ನಾರಾಗಿ ಬಿಳಿ ಕಾಗದ ಎದ್ದಿರಬೇಕು. ಒಳ್ಳೆಯ ಎಲೆಯಾದರೆ ಎರಡು ಪದರದ ನಡುವೆ ಕಪ್ಪಗೆ ಒಂದು ಗೆರೆಯೂ ಕಾಣುತ್ತದೆ. ಬೆಳಕಿಗೆ ಹಿಡಿದಾಗ ಎಲೆಯ ಆಚೆ ಬದಿ ಕಾಣಬಾರದೆಂದು ಹಾಕುವ ಅಂಟು ಅದು.

ಅಳತೆಯನ್ನೂ ನೋಡಿ. ಪೋಕರ್ ಅಳತೆಯ ಎಲೆ ಸುಮಾರು 63 ಮಿ.ಮೀ. ಅಗಲ, ಬ್ರಿಡ್ಜ್ ಅಳತೆಯದು 57 ಮಿ.ಮೀ. ನೀವು ಹರಿಯಬೇಕಾದದ್ದು ಈ ಅಗಲವನ್ನೇ. ಕೈ ಚಿಕ್ಕದಿದ್ದವರಿಗೆ ಆ ಆರು ಮಿಲಿಮೀಟರ್ ಸಣ್ಣ ವಿಷಯವಲ್ಲ. ಬ್ರಿಡ್ಜ್ ಅಳತೆಯಲ್ಲೇ ಕಲಿಯಿರಿ ಎನ್ನುವುದು ನನ್ನ ಖಚಿತ ಸಲಹೆ. ಬೈಸಿಕಲ್‌ನಂಥ ಹೆಸರಾಂತ ಬ್ರ್ಯಾಂಡಿನ ಕಟ್ಟು ಗಟ್ಟಿ, ಬೆಲೆಯೂ ಜಾಸ್ತಿ. ಅದು ಆಮೇಲೆ ಇರಲಿ. ಯುಗಾದಿ, ದೀಪಾವಳಿ ಕಳೆದ ಮೇಲೆ ನೆಂಟರಿಷ್ಟರ ಮನೆಯಲ್ಲಿ ಒಂದೆರಡು ಎಲೆ ಕಳೆದುಹೋದ ಕಟ್ಟುಗಳು ಬಿದ್ದಿರುತ್ತವೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆಡಿ ಆಡಿ ಲೇಪ ಸವೆದ ಎಲೆ ಕಡಿಮೆ ಜಾರುವುದರಿಂದ ಕಲಿಯುವವರಿಗೆ ಅದೇ ಒಳ್ಳೆಯದು. ಕ್ಲಬ್ಬಿನಿಂದ ತರುವುದಾದರೆ ಜೋಕರ್ ಪರೀಕ್ಷೆ ಮರೆಯಬೇಡಿ. ಅಲ್ಲಿ ಈಗ ಪ್ಲಾಸ್ಟಿಕ್ ಎಲೆ ಹೆಚ್ಚು.

ಕೈ ತೊಳೆದು ಒರೆಸಿ ಒಣಗಿಸಿ. ಬೆವರುವ ಕೈಯಾದರೆ ಜಿಮ್‌ನಲ್ಲಿ ಬಳಸುವ ಮೆಗ್ನೀಷಿಯಂ ಪುಡಿ ಸ್ವಲ್ಪ ಸವರಿಕೊಳ್ಳಿ. ಮುಖಕ್ಕೆ ಹಾಕುವ ಪೌಡರ್ ಬೇಡ, ಅದು ಕೈಯನ್ನು ಇನ್ನಷ್ಟು ಜಾರಿಸುತ್ತದೆ. ಉಂಗುರ ಬಿಚ್ಚಿಡಿ.

ಹಿಡಿತ: ಇಲ್ಲಿ ಅವಸರ ಬೇಡ

ಮೊದಲ ದಿನ ಇಪ್ಪತ್ತೇ ಎಲೆ ತೆಗೆದುಕೊಳ್ಳಿ. ಮೇಜಿನ ಮೇಲೆ ನಾಲ್ಕೂ ಬದಿ ತಟ್ಟಿ ಅಂಚುಗಳನ್ನು ಒಂದೇ ಸಮ ಮಾಡಿ. ಒಂದು ಎಲೆ ಹೊರಗೆ ಚಾಚಿಕೊಂಡಿದ್ದರೂ ಮತ್ತೆ ತಟ್ಟಿ.

ಈಗ ಕಟ್ಟನ್ನು ಎದೆಯ ಮುಂದೆ ನೆಟ್ಟಗೆ ಹಿಡಿಯಿರಿ. ಉದ್ದನೆಯ ಒಂದು ಅಂಚು ನಿಮ್ಮ ಕಡೆಗೆ, ಇನ್ನೊಂದು ಆಚೆಗೆ. ಎಲೆಗಳ ಮುಖ ಎಡಕ್ಕೆ, ಬೆನ್ನು ಬಲಕ್ಕೆ. ಕೆಳಗಿನ ಅರ್ಧ ಎಡಗೈಗೆ. ಅಂಗೈ ಎಡಬದಿಗೆ ಪೂರ್ತಿ ಅಂಟಿಕೊಳ್ಳಲಿ, ನಾಲ್ಕೂ ಬೆರಳು ಆಚೆಯ ಅಂಚನ್ನು ಸುತ್ತಿ ಬಲಬದಿಗೆ ಬಂದು ಕಚ್ಚಿಕೊಳ್ಳಲಿ. ಹೆಬ್ಬೆರಳ ಬುಡದ ದಪ್ಪ ಮಾಂಸ ನಿಮ್ಮ ಕಡೆಯ ಅಂಚಿನ ಮೇಲೆ ಗಟ್ಟಿಯಾಗಿ ಕೂರಬೇಕು. ಮೇಲಿನ ಅರ್ಧವನ್ನು ಬಲಗೈಯಿಂದ ಇದೇ ರೀತಿ, ಎಡಬಲ ಅದಲುಬದಲು ಮಾಡಿ ಹಿಡಿಯಿರಿ. ಎಡಗೈ ರೂಢಿಯವರು ಮೇಲೆ ಎಡಗೈ ಇಟ್ಟುಕೊಳ್ಳಬಹುದು.

ಇಲ್ಲಿ ಮೂರು ವಿಷಯ ನೋಡಿಕೊಳ್ಳಿ. ಎರಡು ಕೈಗಳ ನಡುವೆ ಜಾಗವೇ ಇರಬಾರದು. ಮೇಲಿನ ಕೈಯ ಕಿರುಬೆರಳು ಕೆಳಗಿನ ಕೈಯ ತೋರುಬೆರಳಿಗೆ ತಾಗಿರಬೇಕು. ನಡುವೆ ಒಂದು ಬೆರಳಷ್ಟು ಅಂತರ ಬಿಟ್ಟರೂ ಆ ಭಾಗ ಬಾಗಿ ನಿಮ್ಮ ಬಲವನ್ನೆಲ್ಲ ನುಂಗಿಬಿಡುತ್ತದೆ. ಎರಡನೆಯದು, ಬೆರಳ ತುದಿಯಿಂದಷ್ಟೇ ಹಿಡಿಯುವುದಲ್ಲ. ಅಂಗೈ ಬುಡ ಒಂದು ಅಂಚನ್ನೂ ಬೆರಳುಗಳು ಇನ್ನೊಂದು ಅಂಚನ್ನೂ ಒತ್ತಿದಾಗ ಅಷ್ಟೂ ಎಲೆ ಒಂದೇ ಹಲಗೆಯಷ್ಟು ಬಿಗಿಯಾಗಬೇಕು. ಮೂರನೆಯದು, ತಿರುಚುವ ಮೊದಲು ಸುಮ್ಮನೆ ಮೂರು ಸೆಕೆಂಡ್ ಹಿಂಡಿ ಹಿಡಿದು ನೋಡಿ. ಆಗಲೇ ಎಲೆ ಸರಿದಾಡಿದರೆ ಮುಂದೆ ಹೋಗಬೇಡಿ, ಬಿಡಿಸಿ ಮತ್ತೆ ಜೋಡಿಸಿ. ಬರೀ ಈ ಹಿಂಡಿ ಹಿಡಿಯುವುದನ್ನೇ ಒಂದು ವಾರ ಮಾಡಿ ಅಂದರೆ ಹುಡುಗರಿಗೆ ಬೇಜಾರು. ಹಾಗೆ ಮಾಡಿದವರೇ ಬೇಗ ಕಲಿತದ್ದು.

ತಿರುಚು

ಮೊಣಕೈ ಪಕ್ಕೆಗೆ ಹತ್ತಿರ ಇರಲಿ, ಕಟ್ಟು ಎದೆಗೆ ಹತ್ತಿರ ಇರಲಿ. ತೋಳು ಮುಂದಕ್ಕೆ ಚಾಚಿದರೆ ಎದೆಯ ಸ್ನಾಯುಗಳ ಸಹಾಯ ಸಿಗುವುದಿಲ್ಲ. ಉಸಿರು ತೆಗೆದುಕೊಂಡು ಮೇಲಿನ ಬಲಗೈಯ ಅಂಗೈ ಬುಡವನ್ನು ಎಡಕ್ಕೆ ತಳ್ಳಿ, ಕೆಳಗಿನ ಎಡಗೈಯದನ್ನು ಬಲಕ್ಕೆ. ಅದೇ ಹೊತ್ತಿಗೆ ಬೆರಳುಗಳು ಆಚೆಯ ಅಂಚನ್ನು ತದ್ವಿರುದ್ಧ ದಿಕ್ಕಿಗೆ ಎಳೆಯಬೇಕು. ಒದ್ದೆ ಬೆಡ್‌ಶೀಟ್ ಹಿಂಡಿದ ಹಾಗೆ, ಆದರೆ ಕೈಗಳನ್ನು ದೂರ ಮಾಡದೆ. ಬಗ್ಗಿಸುವ ಯೋಚನೆಯನ್ನೇ ಬಿಡಿ. ಬಗ್ಗಿಸಿದ ಎಲೆ ಮತ್ತೆ ನೆಟ್ಟಗಾಗುತ್ತದೆ, ತಿರುಚಿದ ಎಲೆ ಅಂಚಿನಲ್ಲಿ ಸೀಳುತ್ತದೆ.

ಜರ್ಕ್ ಹೊಡೆಯಬೇಡಿ. ಜರ್ಕ್ ಹೊಡೆದ ಕ್ಷಣಕ್ಕೇ ಎಲೆ ಜಾರುವುದು. ಬಲವನ್ನು ನಿಧಾನಕ್ಕೆ ಏರಿಸುತ್ತ ಹೋಗಿ. ಮೊದಲು ಏನೂ ಆಗದಂತೆ ಅನಿಸುತ್ತದೆ. ಆಮೇಲೆ ಹೆಬ್ಬೆರಳ ಕಡೆಯ ಅಂಚಿನಲ್ಲಿ ಚರ್ ಎಂದು ಸಣ್ಣ ಸದ್ದು ಬರುತ್ತದೆ, ಹೊರಗಿನ ಎರಡು ಮೂರು ಎಲೆ ಸೀಳಿರುತ್ತವೆ. ಹರಿಯಿತಾ ನೋಡೋಣ ಎಂದು ಕೈ ಸಡಿಲಿಸುವವರು ಎಡವುವುದು ಇಲ್ಲೇ. ಸಡಿಲಿಸಿದರೆ ಸೀಳಿದ ಎಲೆಗಳು ಸರಿದು ಒಂದರ ಸೀಳು ಇನ್ನೊಂದರ ಸೀಳಿಗೆ ಕೂಡುವುದಿಲ್ಲ. ಮತ್ತೆ ಮೊದಲಿನಿಂದ ಮಾಡಬೇಕು. ಆದ್ದರಿಂದ ತಿರುಚಿದ ಸ್ಥಿತಿಯಲ್ಲೇ ನಿಲ್ಲಿ, ಉಸಿರು ಬಿಡಿ, ಅಂಗೈ ಬುಡವನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿ, ಮತ್ತೆ ತಳ್ಳಿ. ನಡುವಿನ ಎಲೆಗಳು ಕೊನೆಗೆ ಸೋಲುತ್ತವೆ. ಕೆಲವರು ಆಚೆ ಈಚೆ ಎರಡೂ ಕಡೆ ತಿರುಚಿ ಎಲೆ ಮೆತ್ತಗೆ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದೇ ದಿಕ್ಕು, ಒಂದೇ ಓಟ.

ಅರ್ಧ ಅಗಲ ಸೀಳಿದ ಮೇಲೆ ಕೈ ಬಿಡಿಸಿಕೊಂಡು ಎಳೆದರೆ ಸಾಕು, ಉಳಿದದ್ದು ತಾನೇ ಬರುತ್ತದೆ.

ಇಪ್ಪತ್ತರಿಂದ ಐವತ್ತೆರಡಕ್ಕೆ

ಇಪ್ಪತ್ತು ಎಲೆ ತಪ್ಪದೆ ಹರಿಯತೊಡಗಿದ ಮೇಲೆ ಪ್ರತಿ ಸಲ ಎರಡೆರಡು ಸೇರಿಸಿ. ಮೂವತ್ತೈದರ ಆಸುಪಾಸಿನಲ್ಲಿ ಹೆಚ್ಚಿನವರು ನಿಂತುಬಿಡುತ್ತಾರೆ. ಒಂದು ಎಲೆ ಸುಮಾರು 0.3 ಮಿ.ಮೀ. ದಪ್ಪ, ಐವತ್ತೆರಡು ಸೇರಿದರೆ ಒಂದೂವರೆ ಸೆಂಟಿಮೀಟರ್ ಮೀರುತ್ತದೆ. ಕಟ್ಟು ದಪ್ಪವಾದಂತೆ ಬೆರಳುಗಳಿಗೆ ಆಚೆ ಬದಿಯಲ್ಲಿ ಕಚ್ಚಲು ಸಿಗುವ ಜಾಗ ಕಡಿಮೆ. ಆಗ ಎಲೆಯ ಸಂಖ್ಯೆ ಏರಿಸುವ ಹಟ ಬಿಟ್ಟು ಬೆರಳು ಗಟ್ಟಿ ಮಾಡಿ. ನಯವಾದ ಬದಿ ಹೊರಗೆ ಬರುವಂತೆ ಜಿಮ್‌ನ ತಲಾ ಐದು ಕೆ.ಜಿ.ಯ ಎರಡು ತೂಕದ ಪ್ಲೇಟುಗಳನ್ನು ಜೋಡಿಸಿ ಬೆರಳು, ಹೆಬ್ಬೆರಳ ನಡುವೆ ಚಿವುಟಿ ಹಿಡಿದು ನಿಲ್ಲುವುದು, ನೀರಲ್ಲಿ ಅದ್ದಿದ ದಪ್ಪ ಟವೆಲನ್ನು ಎರಡೂ ದಿಕ್ಕಿಗೆ ಹಿಂಡುವುದು, ಇವೆರಡು ಸಾಕು. ಪ್ಲಾಸ್ಟಿಕ್ ಹಿಡಿಯ ಅಗ್ಗದ ಸ್ಪ್ರಿಂಗ್ ಗ್ರಿಪರ್‌ಗೆ ದುಡ್ಡು ಹಾಕಬೇಡಿ. ಅದನ್ನು ನೂರು ಸಲ ಒತ್ತಿದರೂ ಮಣಿಕಟ್ಟು ತಿರುಚುವ ಬಲ ಬರುವುದಿಲ್ಲ.

ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಹರಿಯಬೇಡಿ. ಚರ್ಮ ಜಡ್ಡುಗಟ್ಟಲು ಸಮಯ ಬೇಕು. ಬೊಬ್ಬೆ ಎದ್ದಿದ್ದರೆ ಅದು ಮಾಯುವವರೆಗೆ ಕಾಯಿರಿ. ಹೆಬ್ಬೆರಳ ಬುಡದ ಕೀಲಿನಲ್ಲಿ ಅಥವಾ ಮೊಣಕೈಯ ಒಳಬದಿಯಲ್ಲಿ ನೋವು ಕಂಡರೆ ಅವತ್ತೇ ನಿಲ್ಲಿಸಿ. ಸ್ನಾಯು ಸುಸ್ತಾದ ನೋವು ಎರಡು ದಿನದಲ್ಲಿ ಹೋಗುತ್ತದೆ, ಕೀಲಿನ ನೋವು ತಿಂಗಳುಗಟ್ಟಲೆ ಕಾಡುತ್ತದೆ.

ಅಡ್ಡದಾರಿಗಳು

ಕಟ್ಟನ್ನು ಓವನ್ನಿನಲ್ಲಿ ಬಿಸಿ ಮಾಡಿ ತೇವ ಆರಿಸಿದರೆ ಕಾಗದ ಗರಿಗರಿಯಾಗಿ ಸುಲಭಕ್ಕೆ ಮುರಿಯುತ್ತದೆ. ವೇದಿಕೆಯವರ ಹಳೆಯ ಮೋಸ ಇದು. ಅಂಚಿನಲ್ಲಿ ಮೊದಲೇ ಬ್ಲೇಡಿನಿಂದ ಗೀರಿಡುವುದು ಇನ್ನೊಂದು. ಎರಡನ್ನೂ ಮಾಡಬೇಡಿ. ಎಲೆಗಳನ್ನು ಓರೆಯಾಗಿ ಸರಿಸಿ, ಅಂಚು ಇಳಿಜಾರಾಗುವಂತೆ ಹಿಡಿದರೆ ಒಂದೊಂದೇ ಎಲೆ ಸೀಳುತ್ತ ಹೋಗುತ್ತದೆ. ಇದನ್ನು ಮೋಸ ಅನ್ನಲಾರೆ, ಕಲಿಯುವ ಹಂತದಲ್ಲಿ ಮಾಡಬಹುದು. ಆದರೆ ನಾಲ್ಕು ಜನರ ಮುಂದೆ ‘ಇಡೀ ಕಟ್ಟು ಹರಿದೆ’ ಎನ್ನುವಾಗ ಅಂಚು ಸಮ ಇರಬೇಕು, ಕಟ್ಟು ಅವರೇ ತಂದದ್ದಾಗಿರಬೇಕು. ಹರಿಯುವ ಮೊದಲು ಅವರ ಕೈಗೆ ಕೊಟ್ಟು ಎಣಿಸಿ ನೋಡಲು ಹೇಳಿ.

ಐವತ್ತೆರಡೂ ಹರಿದ ಮೇಲೆ ಜೋಕರುಗಳನ್ನು ಸೇರಿಸಿ ಐವತ್ತನಾಲ್ಕು ಮಾಡಿ, ಆಮೇಲೆ ಪೋಕರ್ ಅಳತೆಗೆ ಹೋಗಿ, ನಂತರ ಡಬ್ಬಿ ಸಮೇತ. ಹರಿದ ಎರಡು ಹೋಳುಗಳನ್ನು ಜೋಡಿಸಿ ಮತ್ತೆ ಹರಿಯುವುದು ಎಲ್ಲಕ್ಕಿಂತ ಕಷ್ಟ. ದಪ್ಪ ಎರಡರಷ್ಟು, ಹಿಡಿಯಲು ಸಿಗುವ ಉದ್ದ ಅರ್ಧದಷ್ಟೇ. ಅದಕ್ಕೂ ಹತ್ತು ಎಲೆಯ ಹೋಳುಗಳಿಂದಲೇ ಶುರು ಮಾಡಿ.