ಹಳೇ ಕ್ಲಾಸ್‌ಮೇಟ್‌ಗಳನ್ನು ಹುಡುಕಲು ಒಂದು ಉಪಾಯ

ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗ್ರೂಪ್ ಮಾಡುತ್ತಿದ್ದೀರಾ? ಮೊದಲು ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಹುಡುಕಿ. ಗಾಜಿನ ಫ್ರೇಮಿನಿಂದ ಬಿಚ್ಚಿ, ಫ್ಲಾಶ್ ಆಫ್ ಮಾಡಿ, ಕಿಟಕಿ ಬೆಳಕಲ್ಲಿ ಮೊಬೈಲಿನಲ್ಲಿ ತೆಗೆಯಿರಿ. ಒಂದೊಂದು ತಲೆಗೂ ನಂಬರ್ ಹಾಕಿ ಗ್ರೂಪಿಗೆ ಬಿಡಿ. ನಾವು ಮಂಡ್ಯದವರು ಹಾಗೇ ಮಾಡಿದ್ದು, ರಾತ್ರಿ ಊಟದ ಹೊತ್ತಿಗೆ 17ನೇ ನಂಬರಿನವನ ಅಡ್ಡಹೆಸರು, ಮಂಡಿ ಹತ್ತಿರ ತೇಪೆ ಹಾಕಿದ್ದ ಖಾಕಿ ಪ್ಯಾಂಟು, ಡಬ್ಬಿಯಲ್ಲಿ ತರುತ್ತಿದ್ದ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಎಲ್ಲಾ ಆಚೆ ಬಂತು. ನಿಜವಾದ ಹೆಸರು ಮಾತ್ರ ಯಾರಿಗೂ ನೆನಪಿಲ್ಲ!

ಹೆಣ್ಣುಮಕ್ಕಳನ್ನು ಹುಡುಕುವಾಗ ಹಳೇ ಇನಿಷಿಯಲ್ ನಂಬಬೇಡಿ, ಮದುವೆ ಆದಮೇಲೆ ಬದಲಾಗಿರಬಹುದು. ತವರಿನ ಬೀದಿ ಹೇಳಿ ವಿಚಾರಿಸಿ. ಸುಮ್ನೆ ನಂಬರ್ ಸೇರಿಸಬೇಡಿ, ಮೊದಲು ಅವರನ್ನೇ ಕೇಳಿ.

ಭೇಟಿ ಮೈಸೂರಲ್ಲಾದರೆ ದಸರಾ ವಾರ ಬೇಡ, ರೂಮ್ ಬಾಡಿಗೆ ಜಾಸ್ತಿ.