ಫೀಡಿನ ಜೊತೆ ನಿಮ್ಮದೊಂದು ಮಾತೂ ಹೋಗಲಿ

ಶಿರಸಿ ಪೇಟೆಯ ಅಡಿಕೆ ಧಾರಣೆಯನ್ನು ದಿನವೂ ಹಾಕುವ ಜಾಲತಾಣವೊಂದಿದೆ ಎಂದುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು; ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಇದನ್ನು ಓದುವವರಲ್ಲಿ ಎಲ್ಲರೂ ತಾಣಕ್ಕೆ ಬಂದು ಓದುವುದಿಲ್ಲ. ಕೆಲವರು ಫೀಡ್ಲಿ, ಇನೊರೀಡರ್‌ನಂಥ ಫೀಡ್ ರೀಡರ್‌ನಲ್ಲಿ, ಅಂದರೆ ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವ ಆ್ಯಪ್‌ನಲ್ಲಿ, ನೋಡುತ್ತಾರೆ. ಘಟ್ಟದ ಮೇಲಿನ ಹಳ್ಳಿಯವರಿಗೆ ಇದರಲ್ಲೊಂದು ಅನುಕೂಲವೂ ಇದೆ: ಕೆಲವು ರೀಡರ್‌ಗಳಲ್ಲಿ, ಪೇಟೆಯಲ್ಲಿ ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡದ್ದನ್ನು ಮನೆಗೆ ಹೋಗಿ, ನೆಟ್‌ವರ್ಕ್ ಇಲ್ಲದಿದ್ದರೂ ಓದಬಹುದು. ಇನ್ನು ಕೆಲವು ತಾಣಗಳು ನಿಮ್ಮ ಫೀಡನ್ನೇ ಎಳೆದುಕೊಂಡು, ತಮ್ಮದೇ ಬರಹವೆಂಬಂತೆ ಹಾಕಿಕೊಳ್ಳುತ್ತವೆ.

ಇವರಾರಿಗೂ ನಿಮ್ಮ ತಾಣದ ತಲೆಪಟ್ಟಿಯಾಗಲಿ, ಪಕ್ಕದಲ್ಲಿ ಹಾಕಿದ ಸೂಚನೆಯಾಗಲಿ ಕಾಣುವುದಿಲ್ಲ. ಫೀಡ್ ಎಂದರೆ ತಾಣದ ಹೊಸ ಬರಹಗಳನ್ನು ಹೊತ್ತ, ಯಂತ್ರಗಳು ಓದುವ ಎಕ್ಸ್‌ಎಮ್‌ಎಲ್ ರೂಪದ ಒಂದು ಕಡತ. ಅದರಲ್ಲಿ ಹೋಗುವುದು ಮುಖ್ಯವಾಗಿ ಶೀರ್ಷಿಕೆ, ಕೊಂಡಿ, ದಿನಾಂಕ, ಬರಹ. ಆದ್ದರಿಂದ ಓದುಗರಿಗೆ ಹೇಳಬೇಕಾದ್ದೇನಾದರೂ ಇದ್ದರೆ ಅದು ಬರಹಕ್ಕೇ ಅಂಟಿಕೊಂಡು ಹೋಗಬೇಕು. ಪ್ರತಿ ಬರಹದ ಅಡಿಯಲ್ಲೂ ಕೈಯಾರೆ ಟೈಪ್ ಮಾಡುತ್ತ ಕೂರುವ ಬದಲು ಆ ಕೆಲಸವನ್ನು ಪ್ಲಗಿನ್‌ಗೆ, ಅಂದರೆ ತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಕ್ಕೆ, ಒಪ್ಪಿಸಬಹುದು. ಇಲ್ಲಿ ಹೇಳಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ನಡೆಯುವ ತಾಣಗಳಿಗೆ.

ಮೊದಲು ಮಾತು, ಆಮೇಲೆ ಪ್ಲಗಿನ್

ಪ್ಲಗಿನ್ ಹಾಕುವುದು ಹತ್ತು ನಿಮಿಷದ ಕೆಲಸ. ಏನು ಬರೆಯಬೇಕು ಎನ್ನುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಕೊಡಿ. ತಾಣದ ಪುಟದಲ್ಲಿ ತಪ್ಪಾದರೆ ತಿದ್ದಬಹುದು. ಫೀಡಿನಲ್ಲಿ ಹೊರಟುಹೋದ ಮಾತು ಓದುಗರ ಮೊಬೈಲಿನಲ್ಲಿ, ಬೇರೆಯವರ ಸರ್ವರ್‌ನಲ್ಲಿ ಹಾಗೆಯೇ ಉಳಿದುಬಿಡಬಹುದು.

ಕಾರವಾರದ ಮೀನುಗಾರಿಕೆ ಸುದ್ದಿಯ ತಾಣ ‘ನಾಳೆಯಿಂದ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ಬಂದ್’ ಎಂದು ಫೀಡಿಗೆ ಸೇರಿಸಿತು ಎನ್ನಿ. ಅದನ್ನು ಆಗಸ್ಟ್‌ನಲ್ಲಿ ತೆರೆದು ಓದುವವರಿಗೂ ‘ನಾಳೆಯಿಂದ’ ಎಂದೇ ಕಾಣುತ್ತದೆ. ನಾಳೆ, ಈ ವಾರ, ಬರುವ ಭಾನುವಾರ ಇಂಥವು ಬೇಡವೇ ಬೇಡ. ‘ಜೂನ್ 1ರಿಂದ ಜುಲೈ 31ರವರೆಗೆ’ ಎಂದು ದಿನಾಂಕ ಹಾಕಿ, ವರ್ಷವನ್ನೂ ಸೇರಿಸಿ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ, ಮಾತನ್ನು ಬದಲಿಸದೆ ಅದರಲ್ಲೊಂದು ಕೊಂಡಿ ಕೊಟ್ಟು, ಆ ಕೊಂಡಿ ತೆರೆಯುವ ಪುಟವನ್ನು ಬೇಕಾದಾಗ ಬದಲಿಸುತ್ತ ಹೋಗುವುದು. ‘ಇಂದಿನ ಸೂಚನೆಗಳು ಇಲ್ಲಿವೆ’ ಎಂಬ ಮಾತು ಯಾವ ತಿಂಗಳಲ್ಲಿ ಓದಿದರೂ ಸುಳ್ಳಾಗದು.

ಉದ್ದದ ವಿಷಯಕ್ಕೆ ಬಂದರೆ, ವರ್ಡ್‌ಪ್ರೆಸ್ ಫೀಡಿನಲ್ಲಿ ತಾನಾಗಿ ಇರುವುದು ಇತ್ತೀಚಿನ 10 ಬರಹ. ನಿಮ್ಮ ಮಾತು ಹತ್ತಕ್ಕೂ ಅಂಟುತ್ತದೆ. ಫೀಡಿನಿಂದಲೇ ವಾರದ ಇಮೇಲ್ ತಯಾರಾಗುವ ಕಡೆ ಒಂದೇ ಪತ್ರದಲ್ಲಿ ಅದೇ ಮಾತು ಹತ್ತು ಸಲ ಬಂದರೆ ಓದುವವರು ಬೇಸತ್ತು ಚಂದಾ ರದ್ದು ಮಾಡುತ್ತಾರೆ. ಎರಡು ಸಾಲು ಧಾರಾಳವಾಯಿತು. ಧಾರಣೆ ತಾಣಕ್ಕೆ ಇಷ್ಟು ಸಾಕು: ‘ಈ ದರಪಟ್ಟಿ ಮೊದಲು ಪ್ರಕಟವಾದದ್ದು ನಮ್ಮ ತಾಣದಲ್ಲಿ. ತಿದ್ದುಪಡಿ ಇದ್ದರೆ ಮೂಲ ಪುಟದಲ್ಲಿ ಮಾತ್ರ ಕಾಣುತ್ತದೆ.’ ಕದ್ದು ಹಾಕಿಕೊಂಡವರ ಪುಟದಲ್ಲೂ ಈ ಸಾಲು ಕೊಂಡಿ ಸಮೇತ ಹೋಗಿ ಕೂರುತ್ತದೆ. ಅವರಲ್ಲಿ ಹೆಚ್ಚಿನವರು ಫೀಡನ್ನು ಯಂತ್ರದಿಂದ ಎಳೆಯುವವರೇ ಹೊರತು ಓದುವವರಲ್ಲ. ಸ್ವಂತ ಮೊಬೈಲ್ ನಂಬರ್ ಮಾತ್ರ ಹಾಕಬೇಡಿ. ಎಲ್ಲೆಲ್ಲಿಗೆ ಹೋಯಿತೆಂದು ಆಮೇಲೆ ಹುಡುಕಿಕೊಂಡು ಹೋಗಲಾಗದು.

ಅಲಂಕಾರಕ್ಕೂ ಇಲ್ಲಿ ಜಾಗವಿಲ್ಲ. ಪ್ಯಾರಾ, ದಪ್ಪಕ್ಷರ, ಕೊಂಡಿ ಇವು ಎಲ್ಲೆಡೆ ನಡೆಯುತ್ತವೆ. ಸ್ಕ್ರಿಪ್ಟ್, ಫಾರ್ಮ್‌ಗಳನ್ನು ಫೀಡ್ ರೀಡರ್‌ಗಳು ಕಿತ್ತು ಬಿಸಾಡುತ್ತವೆ. ನಿಮ್ಮ ತಾಣದ ಬಣ್ಣ, ಚೌಕಟ್ಟುಗಳ ಸ್ಟೈಲ್ ಶೀಟ್ ಫೀಡಿನ ಜೊತೆ ಹೋಗುವುದಿಲ್ಲ. ಸಿಗ್ನಲ್ ಇಲ್ಲದ ಕಡೆ ಚಿತ್ರವೂ ಮೂಡದೆ ಹೋಗಬಹುದು. ಸೂಚನೆಯನ್ನು ಚಿತ್ರವಾಗಿ ಮಾಡಿ ಹಾಕಿದವರ ಶ್ರಮ ಅಲ್ಲಿಗೆ ವ್ಯರ್ಥ.

ಹಾಕುವ ಕ್ರಮ

ತಾಣದ ವಿಳಾಸದ ಕೊನೆಗೆ ಓರೆಗೆರೆ ಎಳೆದು, ಇಂಗ್ಲಿಷ್ ಸಣ್ಣಕ್ಷರದಲ್ಲಿ ‘ಫೀಡ್’ ಎಂದು ಟೈಪ್ ಮಾಡಿ ತೆರೆಯಿರಿ. ಕ್ರೋಮ್‌ನಲ್ಲಿ ಕೋನಚಿಹ್ನೆಗಳ ರಾಶಿ ಕಂಡರೆ ಗಾಬರಿ ಬೇಡ, ಫೀಡ್ ಇರುವುದೇ ಹಾಗೆ. ಫೈರ್‌ಫಾಕ್ಸ್ ಹಿಂದೆ ಇದನ್ನು ಚೆಂದ ಮಾಡಿ ತೋರಿಸುತ್ತಿತ್ತು. 2018ರ ಡಿಸೆಂಬರ್‌ನಲ್ಲಿ ಬಂದ 64ನೇ ಆವೃತ್ತಿಯಿಂದ ಆ ಸೌಲಭ್ಯ ತೆಗೆದರು.

ಮುಂದೆ ಡ್ಯಾಶ್‌ಬೋರ್ಡಿನ (ತಾಣ ನಡೆಸುವವರು ಲಾಗಿನ್ ಆದಾಗ ಕಾಣುವ ಪುಟ) ‘ಸೆಟ್ಟಿಂಗ್ಸ್’ ಒಳಗಿನ ‘ರೀಡಿಂಗ್’ ಪುಟ. ಫೀಡಿನಲ್ಲಿ ಪೂರ್ತಿ ಬರಹ ಹೋಗಬೇಕೋ ಆಯ್ದ ಭಾಗವೋ ಎಂದು ಅಲ್ಲಿ ಕೇಳಿರುತ್ತದೆ. ‘ಫುಲ್ ಟೆಕ್ಸ್ಟ್’ ಆಯ್ದರೆ ತಲೆನೋವು ಕಡಿಮೆ. ‘ಎಕ್ಸರ್ಪ್ಟ್’ ಆಯ್ದರೆ ವರ್ಡ್‌ಪ್ರೆಸ್ ಬರಹವನ್ನು 55 ಪದಕ್ಕೆ ಕತ್ತರಿಸುತ್ತದೆ. ಕೆಲವು ಪ್ಲಗಿನ್‌ಗಳು ಪೂರ್ತಿ ಬರಹಕ್ಕೆ ಮಾತ್ರ ಮಾತು ಸೇರಿಸುವುದರಿಂದ, ಆಯ್ದ ಭಾಗ ಕಳಿಸುವ ತಾಣದಲ್ಲಿ ಅದು ಕತ್ತರಿಗೆ ಸಿಕ್ಕಿ ಕಾಣೆಯಾಗುತ್ತದೆ.

ಪ್ಲಗಿನ್‌ಗಾಗಿ ದೂರ ಹೋಗಬೇಕಿಲ್ಲ. ಗೂಗಲ್‌ನಂಥ ಹುಡುಕುತಾಣಗಳಲ್ಲಿ ತಾಣ ಚೆನ್ನಾಗಿ ಕಾಣಲೆಂದು ಹಾಕುವ ಯೋಸ್ಟ್ ಎಸ್‌ಇಒ ಪ್ಲಗಿನ್ ಆಗಲೇ ಇದ್ದರೆ ಅದರಲ್ಲೇ ಈ ಸೌಲಭ್ಯವಿದೆ. ಇಲ್ಲದಿದ್ದರೆ ‘ಪ್ಲಗಿನ್ಸ್’ ಪುಟದಲ್ಲಿ ಹುಡುಕಿ, ಇನ್‌ಸ್ಟಾಲ್ ಮಾಡಿ, ಆ್ಯಕ್ಟಿವೇಟ್ ಒತ್ತಿ. ಅದರ ‘ಸೆಟ್ಟಿಂಗ್ಸ್’ ಒಳಗೆ ‘ಅಡ್ವಾನ್ಸ್ಡ್’, ಅದರಡಿ ‘ಆರ್‌ಎಸ್‌ಎಸ್’ (ಫೀಡಿನ ಒಂದು ಮಾದರಿಯ ಹೆಸರು). ಅಲ್ಲಿ ಎರಡು ಖಾನೆ: ಬರಹಕ್ಕಿಂತ ಮೊದಲು ಬರುವುದಕ್ಕೆ ಒಂದು, ನಂತರ ಬರುವುದಕ್ಕೆ ಇನ್ನೊಂದು. ಎರಡನೆಯದರಲ್ಲೇ ಬರೆಯಿರಿ. ಮೊದಲಿನದರಲ್ಲಿ ಬರೆದರೆ ರೀಡರ್‌ನ ಪಟ್ಟಿಯಲ್ಲಿ ಪ್ರತಿ ಶೀರ್ಷಿಕೆಯ ಕೆಳಗೂ ಬರಹದ ಮೊದಲ ಸಾಲಿನ ಬದಲು ನಿಮ್ಮ ಸೂಚನೆಯೇ ಇಣುಕುತ್ತದೆ, ಯಾವ ಬರಹದಲ್ಲಿ ಏನಿದೆ ಎಂದೇ ತಿಳಿಯದು.

ಎರಡನೆಯ ಖಾನೆಯಲ್ಲಿ ಆಗಲೇ ಒಂದು ಇಂಗ್ಲಿಷ್ ಸಾಲು ಇರುತ್ತದೆ. ಅದನ್ನು ಅಳಿಸಿ ಕನ್ನಡದಲ್ಲಿ ಬರೆಯಬಹುದು, ಆದರೆ ಅದರಲ್ಲಿನ ಸಂಕೇತಪದಗಳನ್ನು ಉಳಿಸಿಕೊಳ್ಳಿ. ಹಿಂದೆ ಎರಡು, ಮುಂದೆ ಎರಡು ಶೇಕಡಾ ಚಿಹ್ನೆಗಳ ನಡುವೆ ‘ಪೋಸ್ಟ್‌ಲಿಂಕ್’ ಎಂದಿರುವ ಕಡೆ ಆಯಾ ಬರಹದ ಶೀರ್ಷಿಕೆ ಕೊಂಡಿಯಾಗಿ ಬಂದು ಕೂರುತ್ತದೆ. ‘ಬ್ಲಾಗ್‌ಲಿಂಕ್’ ಇರುವ ಕಡೆ ತಾಣದ ಹೆಸರು. ಬರೆದವರ ಪುಟಕ್ಕೆ ‘ಆಥರ್‌ಲಿಂಕ್’. ಇವೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಬೇಕು, ನಡುವೆ ಖಾಲಿ ಜಾಗ ಬಿಡಬಾರದು. ಒಂದು ಶೇಕಡಾ ಚಿಹ್ನೆ ಬಿಟ್ಟುಹೋದರೂ ಸಂಕೇತಪದ ಹಾಗೇ ಅಕ್ಷರವಾಗಿ ಓದುಗರಿಗೆ ಹೋಗುತ್ತದೆ. ನೀವೇ ಕೊಂಡಿ ಬರೆಯುವುದಾದರೆ ‘ಎಚ್‌ಟಿಟಿಪಿಎಸ್’ನಿಂದ ಹಿಡಿದು ಪೂರ್ತಿ ವಿಳಾಸ ಕೊಡಿ. ಓರೆಗೆರೆಯಿಂದ ಶುರುವಾಗುವ ಮೊಟಕು ವಿಳಾಸ ನಿಮ್ಮ ತಾಣದಲ್ಲಿ ನಡೆಯುತ್ತದೆ, ಬೇರೆಡೆ ಎಲ್ಲಿಗೋ ಒಯ್ಯುತ್ತದೆ. ಕೊನೆಗೆ ‘ಸೇವ್ ಚೇಂಜಸ್’.

ರ‍್ಯಾಂಕ್ ಮ್ಯಾತ್ ಬಳಸುವವರಿಗೆ ಇಂಥದೇ ಎರಡು ಖಾನೆ ‘ಜನರಲ್ ಸೆಟ್ಟಿಂಗ್ಸ್’ನ ‘ಅದರ್ಸ್’ ಭಾಗದಲ್ಲಿ ಸಿಗುತ್ತವೆ. ಆಲ್ ಇನ್ ಒನ್ ಎಸ್‌ಇಒದಲ್ಲಿ ‘ಆರ್‌ಎಸ್‌ಎಸ್ ಕಂಟೆಂಟ್’ ಎಂಬ ಟ್ಯಾಬ್. ಇಂಥ ಎರಡು ಪ್ಲಗಿನ್ ಒಟ್ಟಿಗೆ ಚಾಲೂ ಇದ್ದರೆ ಮಾತು ಎರಡೆರಡು ಸಲ ಬರುತ್ತದೆ.

ಹಾಕಿಯಾಯಿತು, ಕಾಣುತ್ತಿಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ತಾಣ ಬೇಗ ತೆರೆಯಲೆಂದು ಪುಟಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಇದ್ದರೆ ಮೊದಲು ಅದನ್ನು ಖಾಲಿ ಮಾಡಿ, ಫೀಡನ್ನು ಮತ್ತೆ ಬ್ರೌಸರ್‌ನಲ್ಲಿ ತೆರೆದು ನಿಮ್ಮ ಸಾಲನ್ನು ಹುಡುಕಿ. ಅಲ್ಲಿ ಇದೆ, ರೀಡರ್‌ನಲ್ಲಿ ಮಾತ್ರ ಇಲ್ಲ ಎಂದಾದರೆ ಪ್ಲಗಿನ್‌ನದು ತಪ್ಪಿಲ್ಲ.

ಫೀಡ್ ರೀಡರ್ ಬಂದಾಗಲೆಲ್ಲ ಕಡತವನ್ನು ಪೂರ್ತಿ ಹೊತ್ತೊಯ್ಯುವುದಿಲ್ಲ. ‘ಕಳೆದ ಸಲ ಬಂದು ಹೋದ ಮೇಲೆ ಏನಾದರೂ ಬದಲಾಗಿದೆಯೇ’ ಎಂದು ಕೇಳುತ್ತದೆ. ವರ್ಡ್‌ಪ್ರೆಸ್ ಇದಕ್ಕೆ ಉತ್ತರಿಸುವುದು ಬರಹಗಳನ್ನು ಕೊನೆಯದಾಗಿ ತಿದ್ದಿದ ಹೊತ್ತು ನೋಡಿಕೊಂಡು. ಪ್ಲಗಿನ್ ಖಾನೆಯಲ್ಲಿ ಮಾತು ಬದಲಿಸಿದ್ದು ಬರಹ ತಿದ್ದಿದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಏನೂ ಬದಲಾಗಿಲ್ಲ’ ಎಂಬರ್ಥದ 304 ಎಂಬ ಉತ್ತರ ಹೋಗುತ್ತದೆ, ರೀಡರ್ ಬರಿಗೈಯಲ್ಲಿ ವಾಪಸಾಗುತ್ತದೆ. ಹೊಸ ಬರಹ ಹಾಕಿದ ದಿನ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಇತ್ತೀಚಿನ ಬರಹ ತೆರೆದು, ಒಂದು ಅಲ್ಪವಿರಾಮವನ್ನಾದರೂ ತಿದ್ದಿ ಸೇವ್ ಮಾಡಿ.

ಆಗಲೇ ಓದುಗರ ಕೈ ಸೇರಿದ ಹಳೆಯ ಬರಹಗಳ ಕಥೆ ಬೇರೆ. ಕೆಲವು ರೀಡರ್‌ಗಳು ಅವನ್ನು ಹೊಸದಾಗಿ ಇಳಿಸಿಕೊಳ್ಳುತ್ತವೆ, ಕೆಲವು ಮುಟ್ಟುವುದೇ ಇಲ್ಲ. ನಿಮ್ಮ ಫೀಡನ್ನು ಇನ್ನೊಂದು ವರ್ಡ್‌ಪ್ರೆಸ್ ತಾಣ ಆರ್‌ಎಸ್‌ಎಸ್ ಬ್ಲಾಕ್ ಮೂಲಕ ತೋರಿಸುತ್ತಿದ್ದರೆ ಅಲ್ಲಿ ಸಾಮಾನ್ಯವಾಗಿ 12 ಗಂಟೆ ಹಳೆಯದೇ ಇರುತ್ತದೆ.

ಯೋಸ್ಟ್ ಹಾಕಿದ ಮೇಲೆ ಫೀಡೇ ತೆರೆಯುತ್ತಿಲ್ಲವೆಂದರೆ ಅದರ ‘ಕ್ರಾಲ್ ಆಪ್ಟಿಮೈಸೇಶನ್’ ಪುಟ ನೋಡಿ. ಫೀಡ್‌ಗಳನ್ನು ತೆಗೆದುಹಾಕುವ ಸ್ವಿಚ್‌ಗಳು ಅಲ್ಲಿವೆ. ಎಲ್ಲವನ್ನೂ ಆನ್ ಮಾಡಿಬಿಡುವ ಉತ್ಸಾಹಿಗಳಿಗೆ ಕೊರತೆಯಿಲ್ಲ.

ಅಕ್ಷರ ಕೆಡುವುದು, ಫೀಡ್ ಮುರಿಯುವುದು

ನಮ್ಮ ಜಿಲ್ಲೆಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಬೇಕಷ್ಟಿವೆ. ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯನ್ನು ಹಾಗೆ ಟೈಪ್ ಮಾಡಿಸಿ ಖಾನೆಗೆ ಅಂಟಿಸಿದರೆ ‘ಇಂದಿನ ಆಟ’ ಎಂದಿರಬೇಕಾದ ಕಡೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಅಕ್ಷರಗಳು ಕನ್ನಡವಾಗಿ ತೋರುವುದು ಫಾಂಟ್‌ನ ಬಲದಿಂದ. ಫೀಡಿನ ಜೊತೆ ಫಾಂಟ್ ಹೋಗುವುದಿಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ನೋಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ, ಅಲ್ಲಿಂದ ಖಾನೆಗೆ ತನ್ನಿ. ಪೇಜ್‌ಮೇಕರ್‌ನಂಥ ಕಡೆಯಿಂದ ನೇರವಾಗಿ ತಂದದ್ದರಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಚಿಹ್ನೆ ಸೇರಿಕೊಂಡಿದ್ದರೆ ಇಡೀ ಎಕ್ಸ್‌ಎಮ್‌ಎಲ್ ಕೆಟ್ಟು ಫೀಡ್ ತೆರೆಯದೇ ಹೋದೀತು.

ಇನ್ನೊಂದು ತಪ್ಪು, ಕಡತದ ಮೊದಲ ಸಾಲೇ ಖಾಲಿ ಇರುವುದು. ಎಕ್ಸ್‌ಎಮ್‌ಎಲ್ ಘೋಷಣೆ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಥೀಮ್‌ನ (ತಾಣದ ರೂಪ ನಿರ್ಧರಿಸುವ ಕಡತಗಳು) ಫಂಕ್ಷನ್ಸ್ ಕಡತದಲ್ಲಿ, ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಯ ಕೋಡ್ ಮುಗಿಯುವ ಚಿಹ್ನೆಯ ನಂತರ ಯಾರೋ ಎರಡು ಮೂರು ಸಲ ಎಂಟರ್ ಒತ್ತಿಟ್ಟಿದ್ದರೆ ಆ ಖಾಲಿ ಸಾಲು ಫೀಡಿನ ನೆತ್ತಿಯ ಮೇಲೆ ಬಂದು ಕೂರುತ್ತದೆ. ಮುಗಿಸುವ ಚಿಹ್ನೆಯನ್ನೇ ಅಳಿಸಿಬಿಡಿ, ಅದು ಇಲ್ಲದೆಯೂ ನಡೆಯುತ್ತದೆ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ನಡೆಸುವ ಉಚಿತ ಫೀಡ್ ತಪಾಸಣಾ ಪುಟಕ್ಕೆ ನಿಮ್ಮ ಫೀಡಿನ ವಿಳಾಸ ಕೊಟ್ಟರೆ ಎಷ್ಟನೇ ಸಾಲಿನಲ್ಲಿ ತೊಂದರೆ ಎಂದು ತೋರಿಸುತ್ತದೆ.

ಧಾರಣೆ ಬರಹಕ್ಕೆ ಒಂದು ಮಾತು, ಯಕ್ಷಗಾನದ ಬರಹಕ್ಕೆ ಇನ್ನೊಂದು ಬೇಕೆಂದರೆ ಮೇಲಿನ ಖಾನೆಗಳಿಂದ ಆಗದು. ತಾಣಕ್ಕೆ ಚಿಕ್ಕ ಕೋಡ್ ತುಣುಕು ಸೇರಿಸಲು ಬಿಡುವ ಕೋಡ್ ಸ್ನಿಪೆಟ್ಸ್ ಪ್ಲಗಿನ್ ಹಾಕಿ, ‘ದ ಕಂಟೆಂಟ್ ಫೀಡ್’ ಎಂಬ ಫಿಲ್ಟರ್‌ಗೆ ಸಣ್ಣದೊಂದು ಫಂಕ್ಷನ್ ಜೋಡಿಸಿ, ವಿಭಾಗ ನೋಡಿ ಮಾತು ಬದಲಿಸುವಂತೆ ಬರೆಸಿ. ಗೊತ್ತಿರುವವರಿಂದ ಬರೆಸುವಾಗ ಒಂದು ಸಾಲು ಮಾತ್ರ ನೀವೇ ಕಣ್ಣಿಟ್ಟು ನೋಡಿ: ಫಂಕ್ಷನ್ನಿನ ಕೊನೆಯಲ್ಲಿ ಬರಹವನ್ನು ‘ರಿಟರ್ನ್’ ಮಾಡಿರಬೇಕು. ವಿಭಾಗ ಹೊಂದದ ಬರಹಕ್ಕೂ ಮಾಡಿರಬೇಕು. ಅದು ಮರೆತರೆ ಫೀಡಿನಲ್ಲಿ ಶೀರ್ಷಿಕೆ ಇರುತ್ತದೆ, ಅದರಡಿ ಬರಹ ಇರುವುದಿಲ್ಲ.